ಇನ್ನೊಬ್ಬರ ಮೂಗನ್ನು ನಂಬುವ ನಾಯಿ

ಡಬ್ಲಿನ್

ಮೊದಲೇ ಒಂದು ಮಾತು ಇತ್ಯರ್ಥವಾಗಿಬಿಡಲಿ. ನಾನು ಐರ್ಲೆಂಡಿಗೆ ಹೋದದ್ದು ನಾಯಿ ನೋಡುವುದಕ್ಕಲ್ಲ, ವಾದ ಮಾಡುವುದಕ್ಕೆ. ಕಾಲೇಜು ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಮೂವರನ್ನು ಆ ವರ್ಷ ಬೊಂಬಾಯಿಯಲ್ಲಿ ಹಡಗು ಹತ್ತಿಸಿ ಕಳಿಸಿದ್ದರು. ಮೂವರಲ್ಲಿ ಹೆಂಗಸು ನಾನೊಬ್ಬಳೇ, ಮಧುಗಿರಿ ತಾಲ್ಲೂಕಿನವಳು ನಾನೊಬ್ಬಳೇ, ಸಭೆ ಮುಗಿದು ಕುರ್ಚಿ ಎತ್ತಿಡುವಾಗಲೂ ಬಾಯಿ ನಿಲ್ಲಿಸದವಳು ನಾನೊಬ್ಬಳೇ.

ಲಂಡನ್ನಿನಲ್ಲಿ ಗೆದ್ದೆವು. ಡಬ್ಲಿನ್ನಿನಲ್ಲಿ ಸೋತೆವು. ತಾನೇ ಪರೀಕ್ಷಿಸದ ಯಾವುದನ್ನೂ ಮನುಷ್ಯ ಒಪ್ಪಬಾರದು ಎಂಬುದು ಆ ದಿನ ನನ್ನ ಪಕ್ಷ. ಎದುರಿನ ಕೆಂಪು ಕೂದಲಿನ ಹುಡುಗ ನಿಧಾನವಾಗಿ ಎದ್ದು, "ಮಾನ್ಯ ಮಹಿಳೆ ಇಲ್ಲಿಗೆ ಬಂದ ಹಡಗಿನ ತಳವನ್ನು ಹತ್ತುವ ಮುಂಚೆ ಬಗ್ಗಿ ನೋಡಿದ್ದರೇ?" ಎಂದು ಕೇಳಿ ಕೂತ. ಸಭೆ ಗೊಳ್ಳೆಂದಿತು. ನಗೆಗೆ ಉತ್ತರ ಕೊಡಲಾಗುವುದಿಲ್ಲ. ಆದ್ದರಿಂದಲೇ ಅದು ವಾದವಲ್ಲ ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಆ ಸಭೆಯ ಹಿಂದಿನ ಸಾಲಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳು ನಮ್ಮ ಶಿರಾದ ಡಾಕ್ಟರ್ ಜುಬೇದಾ. ಅವಳಪ್ಪನಿಗೆ ಶಿರಾದಲ್ಲಿ ಕಡಲೆಕಾಯಿ ಮಂಡಿ. ತುಮಕೂರಿನ ಹಾಸ್ಟೆಲಿನಲ್ಲಿ ನನಗಿಂತ ಹಿರಿಯಳು, ಆದ್ದರಿಂದ ಅಂದಿನಿಂದ ಇಂದಿನವರೆಗೆ ಜುಬೇದಕ್ಕ. ಡಾಕ್ಟರಿಕೆ ಮುಗಿಸಿ, ಡಬ್ಲಿನ್ನಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಹೆಚ್ಚಿನ ತರಬೇತಿಗೆ ಬಂದಿದ್ದಳು. ಆಸ್ಪತ್ರೆಯಲ್ಲಿ ಅವಳ ಇಂಗ್ಲಿಷು ಇಸ್ತ್ರಿ ಹಾಕಿದ ಹಾಗಿರುತ್ತಿತ್ತು. ನನ್ನ ಮುಂದೆ ಮಾತ್ರ ಶಿರಾ ಸಂತೆಯ ಕನ್ನಡ.

"ಸೋತ್ಬುಟ್ಟು ಯಾಕೆ ಇಂಗೆ ಮೂತಿ ಊದಿಸ್ಕಂಡು ಕುಂತಿದೀಯೇ? ಬಾ, ನಿಂಗೊಂದು ನಾಯಿ ತೋರುಸ್ತೀನಿ. ಹಕ್ಕಿ ಎಲ್ಲೈತೆ ಅಂತ ತೋರುಸ್ತೈತೆ, ಹಿಡಿಯಾಕೆ ಹೋಗಾಕಿಲ್ಲ."

"ಹಿಡಿಯದೆ ಇರೋದು ಯಾತರ ಬೇಟೆನಾಯಿ ಜುಬೇದಕ್ಕ?"

"ಅದ್ನೇ ನೋಡಾಕ್ ಬಾ ಅಂದಿದ್ದು. ನೋಡ್ದಲೇ ಯಾವ್ದೂ ಒಪ್ಪಬ್ಯಾಡಿ ಅಂತ ಗಂಟ್ಲು ಹರ್ಕಂಡೋಳು ನೀನೇ ಅಲ್ವಾ?"

ಅವಳ ಕೈಯಲ್ಲಿ ಹೆರಿಗೆಯಾದ ಒಬ್ಬ ಹೆಂಗಸಿನ ತಾಯಿ, ಮಿಸೆಸ್ ಕಿನ್ಸೆಲಾ ಎಂಬ ವಿಧವೆ, ವಿಕ್ಲೊ ಗುಡ್ಡಗಳ ನಡುವೆ ಒಂದು ಸಣ್ಣ ಜಮೀನು ಇಟ್ಟುಕೊಂಡಿದ್ದರು. ಮೊಮ್ಮಗಳನ್ನು ಎತ್ತಿಕೊಟ್ಟ ಡಾಕ್ಟರು ಒಂದು ಸಲವಾದರೂ ಮನೆಗೆ ಬಂದು ಇರಬೇಕೆಂದು ಹಟ. ನಮ್ಮ ಹಡಗಿಗೆ ಇನ್ನೂ ಸಮಯವಿತ್ತು. ಹೊರಟೆವು.

ಬಸ್ಸು

ಆ ಬಸ್ಸನ್ನು ಮಧುಗಿರಿಯಿಂದ ಪಾವಗಡಕ್ಕೆ ಓಡಿಸಿದರೆ ಯಾರಿಗೂ ವ್ಯತ್ಯಾಸ ತಿಳಿಯದು. ಡ್ರೈವರು ಒಂದು ತಿರುವಿನಲ್ಲಿ ಗಾಡಿ ನಿಲ್ಲಿಸಿ ಯಾರದೋ ಬೇಲಿಯ ಮೇಲೆ ಔಷಧಿ ಬಾಟಲು ಇಟ್ಟು ಬಂದ. ಇನ್ನೊಂದು ಕಡೆ ಒಬ್ಬಾಕೆಯ ಸಂಸಾರದ ಸುದ್ದಿ ಪೂರ್ತಿ ಕೇಳಿದ ಮೇಲೇ ಹೊರಟ. ಇಗರ್ಜಿ ಕಂಡಾಗಲೆಲ್ಲ ಬಸ್ಸಿಗೆ ಬಸ್ಸೇ ಎದೆ ಮುಟ್ಟಿ ಶಿಲುಬೆ ಗುರುತು ಮಾಡಿಕೊಳ್ಳುತ್ತಿತ್ತು. ಮಾತು ನಡುವೆ ನಿಲ್ಲದೆ, ಕೈ ತಾನಾಗಿ ಓಡಾಡುತ್ತಿತ್ತು.

ಪಕ್ಕದ ಮುದುಕರು ನನ್ನ ಸೀರೆಯನ್ನು ಮರ್ಯಾದೆಯಿಂದ ನೋಡದೆ ನೋಡಿ, "ನಮ್ಮ ಬೆಟ್ಟಗಳು ಹೇಗಿವೆ?" ಎಂದರು. ಏನು ಹೇಳಲಿ? ಪುರವರದಲ್ಲಿ ಹುಟ್ಟಿ, ಮಧುಗಿರಿಯ ಆ ಒಂದೇ ಕಲ್ಲಿನ ಬೆಟ್ಟದ ಬುಡದಲ್ಲಿ ಓದಿದವಳು ನಾನು. ಇವು ದುಂಡಗೆ, ಮೆತ್ತಗೆ, ಯಾರೋ ಕಂಬಳಿ ಹೊದ್ದು ಮಗ್ಗುಲಾಗಿ ಮಲಗಿದ ಹಾಗಿದ್ದವು. ಒಂದು ಬಂಡೆ ನೆಟ್ಟಗೆ ಎದ್ದು ನಿಂತಿರಲಿಲ್ಲ. "ಚೆನ್ನಾಗಿವೆ" ಎಂದೆ. ಜುಬೇದಕ್ಕ ಕನ್ನಡದಲ್ಲಿ, "ಸುಳ್ಳಿ" ಎಂದಳು.

ಮಿಸೆಸ್ ಕಿನ್ಸೆಲಾ ಅವರ ಅಡುಗೆಮನೆ

ಒಲೆಯಲ್ಲಿ ಉರಿಯುತ್ತಿದ್ದದ್ದು ಮಣ್ಣು. ತಮಾಷೆಯಲ್ಲ. ಜೌಗು ನೆಲವನ್ನು ಇಟ್ಟಿಗೆಯ ಆಕಾರಕ್ಕೆ ಕೊಯ್ದು, ನಮ್ಮವರು ಬೆರಣಿ ಒಣಗಿಸುವ ಹಾಗೆ ಒಣಗಿಸಿ, ಗೂಡು ಹಾಕಿಟ್ಟು ವರ್ಷವಿಡೀ ಸುಡುತ್ತಾರೆ. ಮಣ್ಣು ಹೇಗೆ ಉರಿದೀತು ಎಂದು ನಾನು ಆಕ್ಷೇಪ ಎತ್ತಿದೆ. ಮಿಸೆಸ್ ಕಿನ್ಸೆಲಾ ಒಂದು ತುಂಡು ನನ್ನ ಕೈಗೆ ಹಾಕಿದರು. ಬೆರಣಿಯಷ್ಟೇ ಹಗುರ, ಮುರಿದರೆ ಒಳಗೆಲ್ಲ ಬೇರು, ನಾರು. ಆಕ್ಷೇಪ ಹಿಂತೆಗೆದುಕೊಂಡೆ.

ಅವರು ಎತ್ತರದ ಹೆಂಗಸು. ಗಂಡಸರ ಕೋಟು, ಗಂಡಸರ ಬೂಟು, ಹಣೆಯ ಮೇಲೆ ನೆರೆತ ಕೂದಲು. ನಮ್ಮಿಬ್ಬರಿಗೂ ಬಾಗಿಲಲ್ಲೇ "ಬನ್ನಿ ಮಗಳೇ" ಎಂದುಬಿಟ್ಟರು. ಅಲ್ಲಿನವರ ಮಾತನ್ನೆಲ್ಲ ನಾನು ನನ್ನ ಕನ್ನಡದಲ್ಲೇ ಕೊಡುತ್ತಿದ್ದೇನೆ, ಓದುಗರು ಹೊಂದಿಸಿಕೊಳ್ಳಬೇಕು. ಮೇಜಿನ ನಡುವೆ ಸಿಪ್ಪೆ ಸಮೇತ ಬೇಯಿಸಿದ ಆಲೂಗಡ್ಡೆಯ ಗುಡ್ಡೆ. ಅದೇ ಅವರ ಮುದ್ದೆ. ಸಾರು ಮಾತ್ರ ಇಲ್ಲ. ಜುಬೇದಕ್ಕ ಕೈಚೀಲದಿಂದ ಶಿರಾದ ಖಾರದಪುಡಿಯ ಡಬ್ಬಿ ತೆಗೆದು ಮುಚ್ಚಳ ಎತ್ತಿದಳೋ ಇಲ್ಲವೋ, ಮಿಸೆಸ್ ಕಿನ್ಸೆಲಾ ಬೆಂಕಿ ಬಿದ್ದವರಂತೆ ಹಾರಿ ಬಂದು ಮುಚ್ಚಳ ಒತ್ತಿ ಹಿಡಿದರು.

"ಜಿಲ್‌ಳ ಮೂಗು!"

ಆಗ ಒಲೆಯ ಪಕ್ಕದಲ್ಲಿ ಮಲಗಿದ್ದವಳು ತಲೆ ಎತ್ತಿದಳು. ನಾಯಿಯನ್ನು 'ಅವಳು' ಎನ್ನುವುದು ನನ್ನ ಕನ್ನಡಕ್ಕೆ ಒಗ್ಗದು; ಆದರೆ ಜಿಲ್‌ಳನ್ನು 'ಅದು' ಎಂದಿದ್ದರೆ ಆ ಮನೆಯಲ್ಲಿ ನನಗೆ ಟೀ ಸಿಗುತ್ತಿರಲಿಲ್ಲ. ಸುಣ್ಣ ಬಳಿದ ಗುಡಿಯ ಗೋಡೆಗೆ ಕೆಮ್ಮಣ್ಣಿನ ಕೈ ಒರೆಸಿದ ಹಾಗೆ ಬಿಳಿ ಮೈ ಮೇಲೆ ಕೆಂಪು ತೇಪೆಗಳು. ಕಾಲುಗಳ ಹಿಂದೆ, ಬಾಲದ ಕೆಳಗೆ, ರೇಷ್ಮೆಯಂಥ ಉದ್ದ ಕೂದಲು. ಕಣ್ಣು ಮಾತ್ರ ಹಸುವಿನದು. ಅವಳು ಎದ್ದು ಬಂದು ನನ್ನ ಮೊಣಕಾಲ ಮೇಲೆ ಗದ್ದ ಇಟ್ಟು, ನಾನು ಏನಾದರೂ ಹೇಳಲಿ ಎಂದು ಕಾಯುವವಳಂತೆ ನೋಡಿದಳು. ನಮ್ಮ ಕಡೆ ನಾಯಿಗಳು ಮನುಷ್ಯರ ಕೈಯನ್ನು ನೋಡುತ್ತವೆ, ಕಲ್ಲಿದೆಯೋ ರೊಟ್ಟಿಯಿದೆಯೋ ಎಂದು. ಇವಳು ನೋಡಿದ್ದು ಮುಖವನ್ನು.

ಅಲ್ಲಿದ್ದಷ್ಟು ದಿನ ನಾವು ಖಾರವನ್ನು ದನದ ಕೊಟ್ಟಿಗೆಯಲ್ಲಿ ಕೂತು ತಿಂದೆವು.

ಈ ತಳಿಯ ಕಥೆಯನ್ನು ಮಿಸೆಸ್ ಕಿನ್ಸೆಲಾ ಆ ಒಲೆಯ ಮುಂದೆಯೇ ಹೇಳಿದರು. ಸೆಟ್ಟರ್ ಎಂದರೆ ಹಕ್ಕಿಯ ವಾಸನೆ ಸಿಕ್ಕ ಕೂಡಲೇ ನೆಲಕ್ಕೆ ತಗ್ಗಿ ಅಲ್ಲಾಡದೆ ನಿಲ್ಲುವ ನಾಯಿ. ಬಂದೂಕು ಬರುವುದಕ್ಕೆ ಮುಂಚೆ ಬಲೆಯ ಕಾಲದಲ್ಲಿ ಈ ಗುಣ ಬೆಳೆಸಿದರಂತೆ: ನಾಯಿ ತಗ್ಗಿ ಕೂತರೆ ಅದರ ತಲೆಯ ಮೇಲಿಂದಲೇ ಬಲೆ ಎಳೆದು ಹಕ್ಕಿಗಳನ್ನು ಮುಚ್ಚುತ್ತಿದ್ದರು. ನಾನು ಅನುಮಾನದ ಮುಖ ಮಾಡಿದೆ. ಆದರೆ ಜುಬೇದಕ್ಕ, "ಯಾಕೆ, ನಿಡುಗಲ್ ಕಡೆ ಗೌಜಲಕ್ಕಿ ಹಿಡಿಯೋರು ಪಂಜರದಾಗೆ ಸಾಕಿದ ಹಕ್ಕಿ ಕೂಗುಸ್ಬುಟ್ಟು ಬಲೆ ಹಾಕಾಕಿಲ್ವಾ? ಅವ್ರು ಹಕ್ಕಿ ಕೈಲಿ ಹಕ್ಕಿ ಹಿಡುಸ್ತಾರೆ, ಇವ್ರು ನಾಯಿ ಕೈಲಿ," ಎಂದಳು. ಅವಳ ತಾತ ಕಳ್ಳಂಬೆಳ್ಳದ ಕೆರೆ ಏರಿಯ ಮೇಲೆ ಬಂದೂಕು ಹಿಡಿದು ತಿರುಗಿದವರು. ಈ ವಿಷಯದಲ್ಲಿ ಅವಳ ಸಾಕ್ಷ್ಯವನ್ನು ತಳ್ಳಿಹಾಕುವಂತಿರಲಿಲ್ಲ.

ಐರ್ಲೆಂಡಿನ ಸೆಟ್ಟರ್ ಎಂದರೆ ಜಗತ್ತಿಗೆಲ್ಲ ಗೊತ್ತಿರುವುದು ಅಚ್ಚ ಕೆಂಪು ನಾಯಿ. ಆದರೆ ಹಳೆಯದು ಇದು, ಕೆಂಪು-ಬಿಳಿಯದು. ಗುಡ್ಡದಲ್ಲಿ ದೂರದಿಂದ ಕಾಣಲಿ ಎಂದು ಬೇಟೆಗಾರರು ಬಿಳಿಯನ್ನೇ ಇಷ್ಟಪಡುತ್ತಿದ್ದರು. ಕೆಂಪು ನಾಯಿ ಕಂದು ಪೊದೆಯಲ್ಲಿ ನಿಂತರೆ ಹುಡುಕುವವರು ಯಾರು? ಆಮೇಲೆ ನಾಯಿಗಳ ಪ್ರದರ್ಶನಗಳು ಶುರುವಾದವು. ತೀರ್ಪುಗಾರರ ಕಣ್ಣಿಗೆ ಹೊಳೆಯುವ ಕೆಂಪೇ ಚೆಂದ ಕಂಡಿತು. ಬಿಳಿ ಬಿದ್ದ ಮರಿಗಳನ್ನು ಜನ ಇಟ್ಟುಕೊಳ್ಳುವುದನ್ನೇ ಬಿಟ್ಟರು. ಮೊದಲ ಮಹಾಯುದ್ಧ ಮುಗಿಯುವಷ್ಟರಲ್ಲಿ ಈ ತಳಿ ಅಲ್ಲೊಂದು ಇಲ್ಲೊಂದು ಗುಡ್ಡದ ಮನೆಯಲ್ಲಿ ಮಾತ್ರ ಉಳಿದಿತ್ತು. ಹಟಮಾರಿಗಳು ಕೆಲವರು ಅವನ್ನು ಹುಡುಕಿ ತಂದು ಮತ್ತೆ ಬೆಳೆಸಿದರು. ಮಿಸೆಸ್ ಕಿನ್ಸೆಲಾ ಅವರ ತಂದೆ ಅಂಥ ಹಟಮಾರಿ.

ಬಣ್ಣ ನೋಡಿ ಗುಣ ಬಿಟ್ಟರು. ಕೇಳುತ್ತ ನನಗೆ ನಗು ಬಂತು, ಸಿಟ್ಟೂ ಬಂತು. ನಮ್ಮ ಮನೆಗಳಲ್ಲಿ ಹೆಣ್ಣು ನೋಡಲು ಬರುವವರು ಕಾಫಿ ಕುಡಿಯುತ್ತ ಮಾಡುವುದೂ ಇದನ್ನೇ. ನನ್ನನ್ನು ನೋಡಿ "ಬಣ್ಣ ಒಂಚೂರು ಕಮ್ಮಿ" ಎಂದು ಎದ್ದು ಹೋದವರಿಗೆ ನಾನು ಕೇಳಿದ ಪ್ರಶ್ನೆಗಳನ್ನು ಕೊರಟಗೆರೆಯಲ್ಲಿ ಇನ್ನೂ ಜನ ಹೇಳಿಕೊಂಡು ನಗುತ್ತಾರೆ. ಜಿಲ್‌ಳ ಕಿವಿ ಸವರಿ, "ನಿನ್ನ ಪಕ್ಷ ನಾನು" ಎಂದೆ.

"ಹಾಗಾದರೆ ಶನಿವಾರ ಪ್ರಾರ್ಥಿಸು ಮಗಳೇ," ಎಂದರು ಮಿಸೆಸ್ ಕಿನ್ಸೆಲಾ.

ವಿಷಯ ಇಷ್ಟು. ಜಿಲ್ ಇನ್ನು ಕೆಲವೇ ದಿನಗಳಲ್ಲಿ ಬೆದೆಗೆ ಬರುವವಳು. ಹತ್ತಿರದಲ್ಲಿ ಅವಳ ತಳಿಯ, ಆದರೆ ಅವಳ ರಕ್ತದ್ದಲ್ಲದ ಗಂಡು ಒಂದೇ ಒಂದು: ಕಣಿವೆಯ ಆಚೆಯ ಟ್ರೇಸಿ ಎಂಬುವರ ಡ್ಯಾನ್. ಡ್ಯಾನ್‌ಗೆ ವಯಸ್ಸಾಗಿತ್ತು, ಈ ಸಲ ತಪ್ಪಿದರೆ ಮುಂದಿನ ಸಲಕ್ಕೆ ಅವನಿರುವುದು ಅನುಮಾನ. ಇಲ್ಲವೆಂದರೆ ಜಿಲ್‌ಳನ್ನು ಅಚ್ಚ ಕೆಂಪು ನಾಯಿಗೆ ಕೂಡಿಸಬೇಕು. ಅಲ್ಲಿಗೆ ತಂದೆ ಕಾಪಾಡಿಕೊಟ್ಟ ಬಿಳಿ ಆ ಮನೆಯಲ್ಲಿ ಕರಗಿಹೋಗುತ್ತದೆ. ಆದರೆ ಟ್ರೇಸಿಯವರ ಕಟ್ಟಳೆ ಗಟ್ಟಿ. ತಮ್ಮ ಕಣ್ಣೆದುರು ಗುಡ್ಡದಲ್ಲಿ ಪರೀಕ್ಷೆಯಾಗದ ಹೆಣ್ಣಿಗೆ ಅವರು ಡ್ಯಾನ್‌ನನ್ನು ಬಿಡುವುದಿಲ್ಲ. ಜಿಲ್‌ಳ ಪರೀಕ್ಷೆ ಶನಿವಾರ. ಹಕ್ಕಿ ತೋರಿಸಿದರೆ ಸಾಲದು. ಜೊತೆಯ ನಾಯಿ ಹಕ್ಕಿ ತೋರಿಸಿ ನಿಂತಾಗ, ತನಗೆ ವಾಸನೆ ಬಾರದಿದ್ದರೂ, ಅದನ್ನು ನೋಡಿದಲ್ಲೇ ತಾನೂ ನಿಲ್ಲಬೇಕು. ಇದಕ್ಕೆ ಅವರು ಬ್ಯಾಕ್ ಮಾಡುವುದು ಎನ್ನುತ್ತಾರೆ. ನಾವು ಬೆನ್ನಿಗೆ ನಿಲ್ಲುವುದು ಎನ್ನಬಹುದು.

ಜಿಲ್ ಅದೊಂದನ್ನು ಮಾಡುತ್ತಿರಲಿಲ್ಲ. ಕಳೆದ ವರ್ಷ ಒಂದು ನಾಯಿ ನಿಂತಾಗ ಅದನ್ನು ದಾಟಿ ಹೋಗಿ ತಾನೇ ಮೂಸಿ ನೋಡಿದ್ದಳಂತೆ.

"ಸರಿಯಾಗೇ ಮಾಡಿದಾಳೆ!" ಎಂದೆ.

ಜುಬೇದಕ್ಕ ಹಣೆ ಚಚ್ಚಿಕೊಂಡಳು. "ಯಾ ಅಲ್ಲಾ, ನಾಯಿ ರೂಪದಾಗೆ ಇವ್ಳೇ ಹುಟ್ಟವ್ಳೆ."

ಗುಡ್ಡ, ಮೊದಲ ಸಲ

ಮರುದಿನ ಬೆಳಿಗ್ಗೆ ಜಿಲ್‌ಳ ಅಭ್ಯಾಸಕ್ಕೆ ನಾವೂ ಹೊರಟೆವು. ನಾಟಿಗೆ ಇಳಿಯುವ ಹೆಂಗಸರ ಹಾಗೆ ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ದಿವಂಗತ ಕಿನ್ಸೆಲಾ ಅವರ ರಬ್ಬರ್ ಬೂಟು ತೊಟ್ಟಿದ್ದೆ. ಒಂದೊಂದು ಹೆಜ್ಜೆಗೂ ಬೂಟು ಜೌಗಿನಲ್ಲಿ ಉಳಿದು ಕಾಲು ಮಾತ್ರ ಬರುತ್ತಿತ್ತು. ಮೊಣಕಾಲೆತ್ತರದ ಕುರುಚಲು, ಅದರ ತುಂಬ ನೇರಳೆ ಹೂವು. ಅದರೊಳಗೆ ಗ್ರೌಸ್ ಎಂಬ ಹಕ್ಕಿ ಇರುತ್ತದೆ. ನಮ್ಮ ಗೌಜಲಕ್ಕಿಗಿಂತ ಒಂದು ಕೈ ದಪ್ಪ.

ಜಿಲ್ ಓಡುವುದನ್ನು ನೋಡಬೇಕು. ಗಾಳಿಗೆ ಎದುರಾಗಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ, ನೇಗಿಲ ಸಾಲು ಹೊಡೆದ ಹಾಗೆ ಗುಡ್ಡವನ್ನು ಒಂದು ಅಂಗೈ ಅಗಲವೂ ಬಿಡದೆ ತಡಕುತ್ತಾಳೆ. ಮನೆಯಲ್ಲಿ ಮೊಣಕಾಲಿಗೆ ಗದ್ದ ಇಟ್ಟ ಪಾಪದ ಹುಡುಗಿ ಅವಳೇ ಎಂದರೆ ನಂಬಿಕೆ ಬಾರದು. ಹೀಗೆ ಹಾರುತ್ತಿದ್ದವಳು ಥಟ್ಟನೆ ನಿಂತಳು. ನಿಂತಳು ಎನ್ನುವುದು ಸಾಲದು. ಗಾಳಿಯಲ್ಲಿ ಇಟ್ಟ ಮುಂಗಾಲು ಗಾಳಿಯಲ್ಲೇ ಉಳಿಯಿತು. ಮೈ ತಗ್ಗಿತು, ಬಾಲ ಸಲಾಕೆಯಾಯಿತು, ಕಣ್ಣು ಮುಂದಿನ ಒಂದು ಪೊದೆಗೆ ನೆಟ್ಟಿತು. ಮಿಸೆಸ್ ಕಿನ್ಸೆಲಾ ನಗುತ್ತ ಸೀದಾ ಆ ಪೊದೆಯ ಕಡೆಗೇ ಕಾಲಿಟ್ಟರು.

ಪಾವಗಡದ ನಿಡುಗಲ್ಲಿನಲ್ಲಿ ನನ್ನ ಚಿಕ್ಕಮ್ಮನ ಮನೆ. ಅಲ್ಲಿ ಬೆಟ್ಟದ ಬುಡದ ಹೊಲದಲ್ಲಿ ನಾಯಿ ಹೀಗೆ ಮೈ ಬಿಗಿದು ಒಂದೇ ಕಡೆ ನೋಡುತ್ತ ನಿಂತರೆ ಅರ್ಥ ಒಂದೇ. ಚಿಕ್ಕಮ್ಮ ಕೈಯಲ್ಲಿದ್ದ ಕುಡುಗೋಲು ಎಸೆದು, "ಪಾಮು ಕಣೇ, ಹಾವು! ಎನಕ್ಕಿ ಬಾ!" ಎಂದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕೂಗಿ ರಟ್ಟೆ ಹಿಡಿದು ಎಳೆಯುತ್ತಿದ್ದಳು. ಹಾವಿನ ವಿಷಯದಲ್ಲಿ ಪುರಾವೆ ಕೇಳುತ್ತ ನಿಲ್ಲುವವರು ನಮ್ಮ ಕಡೆ ಬಹಳ ದಿನ ಉಳಿಯುವುದಿಲ್ಲ.

"ಹಾವು! ಹಾವು!" ಎಂದು ಅರಚಿ ನಾನು ಮಿಸೆಸ್ ಕಿನ್ಸೆಲಾ ಅವರ ಕೋಟಿನ ಹಿಂಬದಿ ಹಿಡಿದು ಎಳೆದೆ. ಇಬ್ಬರೂ ಜೌಗಿನಲ್ಲಿ ಕೂತೆವು. ಅವರ ಊರುಗೋಲು ಹಾರಿ ಪೊದೆಗೆ ಬಿತ್ತು. ಪೊದೆ ಸಿಡಿಯಿತು, ನಾಲ್ಕೈದು ಕಂದು ಹಕ್ಕಿಗಳು ಬೈಯುತ್ತ ಗುಡ್ಡ ದಾಟಿ ಹೋದವು.

ಮಿಸೆಸ್ ಕಿನ್ಸೆಲಾ ಕೆಸರಲ್ಲಿ ಕೂತಲ್ಲೇ ಕೇಳಿದರು: "ಏನಾಯಿತು ಮಗಳೇ?"

"ಹಾವು..."

"ಐರ್ಲೆಂಡಿನಲ್ಲಿ ಹಾವೇ ಇಲ್ಲವಲ್ಲ."

ಆ ದೇಶದಲ್ಲಿ ನಿಜವಾಗಿಯೂ ಒಂದು ಹಾವೂ ಇಲ್ಲ. ಸಂತರೊಬ್ಬರು ಓಡಿಸಿದರು ಎಂದು ಅವರು ಹೇಳುತ್ತಾರೆ. ಆ ಕಾರಣವನ್ನು ನಾನು ಒಪ್ಪುವುದಿಲ್ಲ. ಆದರೆ ಹಾವಿಲ್ಲದ್ದಂತೂ ಹೌದು. ಜುಬೇದಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಅಯ್ಯೋ, ಪಾವಗಡದ ಹಾವ್ನ ಬುಟ್ಟಿಗಾಕ್ಕಂಡು ಇಲ್ಲೀಗಂಟ ತಂದ್ಬುಟ್ಯಲ್ಲೇ!"

ಈ ಗಲಾಟೆಯಲ್ಲಿ ಒಂದನ್ನು ಗಮನಿಸಿದವರು ಗುಡ್ಡದ ಕಲ್ಲುಗೋಡೆಯ ಆಚೆ ನಿಂತಿದ್ದ ಒಬ್ಬ ತೆಳ್ಳನೆಯ ಮುದುಕರು ಮಾತ್ರ. "ಅಲ್ಲಿ ನೋಡಿ," ಎಂದರು. ಜಿಲ್ ಇನ್ನೂ ನಿಂತೇ ಇದ್ದಳು. 

ಟ್ರೇಸಿಯವರ ಗೇಟು

ಅವರೇ ಟ್ರೇಸಿ. ರೈಲ್ವೆ ಸ್ಟೇಷನ್ ಮಾಸ್ಟರಾಗಿದ್ದು ನಿವೃತ್ತರಾದವರು. ಅವರ ಮನೆಯ ಗೇಟಿಗೆ ಹಳೆಯ ಸಿಗ್ನಲ್ ದೀಪ ತೂಗುಹಾಕಿತ್ತು. ದೀಪದ ಗಾಜು ಅವರ ಕನ್ನಡಕದಷ್ಟೇ ಸ್ವಚ್ಛ. ಗೇಟಿನ ಒಳಗೆ ಡ್ಯಾನ್ ಬಿಸಿಲಿಗೆ ಮಲಗಿದ್ದ: ಅಗಲ ತಲೆ, ಮಂಜಾದ ಕಣ್ಣು, ನೆರೆತ ಮೂತಿ. ಎದ್ದು ನಿಂತಾಗ ಮಾತ್ರ ಹಳೆಯ ಪೈಲ್ವಾನರ ಗತ್ತು. ಜುಬೇದಕ್ಕ ನನ್ನ ಕಿವಿಯಲ್ಲಿ, "ಗಂಡು ಲಕ್ಷಣವಾಗವ್ನೆ ಕಣೇ, ವಯಸ್ಸೊಂದು ಜಾಸ್ತಿ," ಎಂದಳು.

"ಹುಚ್ಚಿಯೊಬ್ಬಳು ಕಿರುಚಿದರೂ ನಿಮ್ಮ ನಾಯಿ ಹಕ್ಕಿಯ ಹಿಂದೆ ಓಡಲಿಲ್ಲ," ಎಂದರು ಟ್ರೇಸಿ, ಮಿಸೆಸ್ ಕಿನ್ಸೆಲಾ ಅವರಿಗೆ. ಹುಚ್ಚಿ ಎದುರಿಗೇ ಇದ್ದಾಳೆಂಬುದು ಅವರಿಗೆ ಮುಖ್ಯವಾಗಿ ಕಾಣಲಿಲ್ಲ. "ಅದು ಒಳ್ಳೆಯದು. ಆದರೆ ತಾನು ಹುಡುಕಿದ್ದಕ್ಕೆ ನಿಲ್ಲುವುದು ರಕ್ತ. ಇನ್ನೊಬ್ಬರು ಹುಡುಕಿದ್ದಕ್ಕೆ ನಿಲ್ಲುವುದು ಸಂಸ್ಕಾರ. ಶನಿವಾರ ನೋಡೋಣ."

ನನಗೆ ತಡೆಯಲಾಗಲಿಲ್ಲ. "ನನ್ನದೊಂದು ಪ್ರಶ್ನೆ. ತನ್ನ ಮೂಗಿಗೆ ಬಾರದ್ದನ್ನು ಜಿಲ್ ಯಾಕೆ ಒಪ್ಪಬೇಕು? ಪರೀಕ್ಷಿಸದೆ ನಿಲ್ಲುವುದು ಸಂಸ್ಕಾರವಲ್ಲ, ಮಂದೆ ಬುದ್ಧಿ. ಕುರಿಗಳೂ ಹಾಗೇ ಮಾಡುತ್ತವೆ."

ಟ್ರೇಸಿ ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು. "ಪರೀಕ್ಷಿಸಲು ಮುಂದೆ ಹೋದರೆ ಹಕ್ಕಿ ಹಾರುತ್ತದೆ. ಇಬ್ಬರಿಗೂ ಇಲ್ಲ."

"ಅದು ಅನುಕೂಲ. ನಾನು ಕೇಳಿದ್ದು ನ್ಯಾಯ."

"ಬೆಳಿಗ್ಗೆ ಗುಡ್ಡದಲ್ಲಿ ಹಾವನ್ನು ನೀವು ಕಂಡಿರಾ?"

"ಇಲ್ಲ."

"ವಾಸನೆ ಬಂತೇ?"

"ಇಲ್ಲ."

"ನಾಯಿ ನಿಂತದ್ದನ್ನು ನೋಡಿ ಒಬ್ಬ ದೊಡ್ಡ ಹೆಂಗಸನ್ನು ಕೆಸರಿಗೆ ಎಳೆದಿರಿ. ಅದಕ್ಕೇ, ತಾಯಿ, ನಾವು ಬ್ಯಾಕ್ ಮಾಡುವುದು ಎನ್ನುವುದು."

ಜುಬೇದಕ್ಕ ಗೇಟು ಹಿಡಿದುಕೊಂಡು ಕುಸಿದಳು. ನಾನು ಬಿಡಲಿಲ್ಲ. "ಆದರೆ ನಾನು ಹೇಳಿದ್ದು ತಪ್ಪಾಗಿತ್ತು! ಹಾವಿರಲಿಲ್ಲ!"

"ತಪ್ಪಾಗಿತ್ತು," ಎಂದರು ಟ್ರೇಸಿ. "ಎಳೆದದ್ದು ತಪ್ಪಲ್ಲ."

ಸಭೆಯಿರಲಿಲ್ಲ, ಗಂಟೆ ಬಾರಿಸುವವರಿರಲಿಲ್ಲ. ಇದ್ದಿದ್ದರೆ ಆ ಸುತ್ತು ಅವರದು ಎಂದು ನಾನೇ ಬರೆದುಕೊಡುತ್ತಿದ್ದೆ. ಆದರೆ ಒಂದು ಸುತ್ತು ಮಾತ್ರ.

ಗುಡ್ಡ, ಶನಿವಾರ

ಮಿಸೆಸ್ ಕಿನ್ಸೆಲಾ ಬೆಳಿಗ್ಗೆಯಿಂದ ಮೂರು ಸಲ ಜಿಲ್‌ಳ ಕೂದಲು ಬಾಚಿದ್ದರು. "ಗಂಡಿನ ಕಡೆಯೋರು ಬರ್ತಾವ್ರೆ, ಹೂ ಮುಡಿಸ್ರಿ," ಎಂದು ಜುಬೇದಕ್ಕ ಕನ್ನಡದಲ್ಲಿ ಹೇಳಿದ್ದಕ್ಕೂ ಅವರು ಸುಮ್ಮನೆ ತಲೆಯಾಡಿಸಿದರು. ನನಗೂ ಜಿಲ್ ಗೆಲ್ಲಲಿ ಅನ್ನಿಸುತ್ತಿತ್ತು, ಅವಳು ಯಾರ ಬೆನ್ನಿಗೂ ಕಣ್ಣು ಮುಚ್ಚಿ ನಿಲ್ಲದಿರಲಿ ಎಂದೂ ಅನ್ನಿಸುತ್ತಿತ್ತು. ಎರಡೂ ಪಕ್ಷ ವಹಿಸಿ ಮಾತಾಡುವುದನ್ನು ನಮಗೆ ಕಲಿಸಿದ್ದಾರೆ. ಎರಡೂ ಪಕ್ಷ ಎದೆಯೊಳಗೆ ಕೂತರೆ ಏನು ಮಾಡಬೇಕೆಂದು ಕಲಿಸಿಲ್ಲ.

ಟ್ರೇಸಿ ಬಂದೂಕಿನ ನಳಿಗೆ ಮಡಚಿ ತೋಳಿಗೆ ಹಾಕಿಕೊಂಡು, ಕೊರಳಿಗೆ ಸೀಟಿ ಕಟ್ಟಿಕೊಂಡು ಬಂದರು. ಎರಡು ನಾಯಿಗಳನ್ನೂ ಬಿಟ್ಟರು. ಜಿಲ್ ದೂರ ದೂರಕ್ಕೆ ಹಾರಿದಳು. ಡ್ಯಾನ್ ನಿಧಾನ, ಹೊಲ ಉತ್ತು ಉತ್ತು ಪಳಗಿದ ಎತ್ತು ಮಣ್ಣನ್ನು ನೋಡದೆಯೇ ಸಾಲು ಹಿಡಿಯುವ ಹಾಗೆ ಹೋಗುತ್ತಿದ್ದ. ಬಹಳ ಹೊತ್ತು ಏನೂ ಇಲ್ಲ. ಜಿಲ್ ಒಂದು ದಿಬ್ಬದ ಆಚೆ ಮರೆಯಾದಳು. ಅಷ್ಟರಲ್ಲಿ ಈಚೆ ಡ್ಯಾನ್ ನಿಂತ.

ಮುದಿ ಮೈಗೆ ಒಮ್ಮೆಲೇ ಪ್ರಾಯ ಬಂತು. ಬಾಲ ನೆಟ್ಟಗಾಯಿತು. ಆಗ ದಿಬ್ಬದ ನೆತ್ತಿಯಲ್ಲಿ ಜಿಲ್ ಕಾಣಿಸಿಕೊಂಡಳು, ಪೂರಾ ಓಟದಲ್ಲಿ.

ಡ್ಯಾನ್‌ನನ್ನು ಕಂಡಳು. ನಿಂತಳು. ಕಾಲಿನ ಕೆಳಗಿನ ಗುಡ್ಡವನ್ನೇ ಯಾರೋ ಹಿಡಿದು ನಿಲ್ಲಿಸಿದಂತೆ, ಇಳಿಜಾರಿನಲ್ಲಿ, ಒಂದು ಕಾಲು ಮಡಚಿ. ನಾನು ಸೆರಗಿನ ತುದಿಯನ್ನು ಗಾಳಿಗೆ ಬಿಟ್ಟು ನೋಡಿದೆ: ಗಾಳಿ ಅವಳ ಬೆನ್ನಿನಿಂದ ಬೀಸುತ್ತಿತ್ತು. ಡ್ಯಾನ್‌ನ ಮುಂದೆ ಏನಿದೆಯೋ ಅದರ ಒಂದು ಎಳೆ ವಾಸನೆಯೂ ಅವಳಿಗೆ ಬರಲು ಸಾಧ್ಯವಿರಲಿಲ್ಲ. ಅವಳ ಮೈ ಸಣ್ಣಗೆ ಅದುರುತ್ತಿತ್ತು. ಹೋಗಿ ನೋಡಬೇಕೆಂಬ ಆಸೆ ಆ ಅದುರಿನಲ್ಲೆಲ್ಲ ಇತ್ತು. ಹೋಗಲಿಲ್ಲ. ಕುರಿಗೆ ಹೋಗುವ ಆಸೆಯೂ ಇರುವುದಿಲ್ಲ, ತಡೆಯುವ ಕಷ್ಟವೂ ಇರುವುದಿಲ್ಲ. ಮಂದೆ ಬುದ್ಧಿ ಎಂದ ಮಾತನ್ನು ನಾನು ಅಲ್ಲೇ, ಮನಸ್ಸಿನಲ್ಲೇ, ಕಡತದಿಂದ ಹೊಡೆದುಹಾಕಿದೆ.

ಮಿಸೆಸ್ ಕಿನ್ಸೆಲಾ ಬಾಯಿಗೆ ಕೈ ಅಡ್ಡ ಹಿಡಿದು ಅಳುತ್ತಿದ್ದರು.

ಟ್ರೇಸಿ ಡ್ಯಾನ್‌ನ ಪಕ್ಕಕ್ಕೆ ಹೋಗಿ ಮೆಲ್ಲಗೆ ಮುಂದೆ ಕಳಿಸಿದರು. ಡ್ಯಾನ್ ಎರಡು ಹೆಜ್ಜೆ ತೆವಳಿದ. ಇನ್ನೆರಡು. ಪೊದೆ ಸುಮ್ಮನಿತ್ತು. ಟ್ರೇಸಿ ಬೂಟಿನಿಂದ ಪೊದೆ ಒದ್ದರು, ಸುತ್ತ ನಡೆದರು, ಇನ್ನೂ ಅಗಲಕ್ಕೆ ನಡೆದರು. ಏನೂ ಏಳಲಿಲ್ಲ. ಹಕ್ಕಿ ಎಂದೋ ಕೂತು ಹೋದ ಜಾಗ. ಡ್ಯಾನ್ ಖಾಲಿ ಪೊದೆಯನ್ನು ತೋರಿಸಿದ್ದ.

ಜಿಲ್ ಮಾತ್ರ ಇನ್ನೂ ನಿಂತಿದ್ದಳು.

"ಹೆಣ್ಣು ಪಾಸು," ಎಂದಳು ಜುಬೇದಕ್ಕ, ಮೆಲ್ಲಗೆ. "ಗಂಡು ಫೇಲ್."

ಟ್ರೇಸಿ ಮಂಡಿಯೂರಿ ಡ್ಯಾನ್‌ನ ಮೂತಿಯನ್ನು ಎರಡೂ ಅಂಗೈಯಲ್ಲಿ ಹಿಡಿದರು. ಎದ್ದು ಕೊರಳಿಗೆ ಹಗ್ಗ ಹಾಕಿದರು. "ನಿಮ್ಮ ಜಿಲ್‌ಳಲ್ಲಿ ಕುಂದಿಲ್ಲ ಮಿಸೆಸ್ ಕಿನ್ಸೆಲಾ. ನನ್ನವನ ಮೂಗು ಹೋಯಿತು. ಸುಳ್ಳು ತೋರಿಸುವ ನಾಯಿಯಿಂದ ಮರಿ ಪಡೆಯಬಾರದು. ಡ್ಯಾನ್‌ನನ್ನು ನಾನು ಕೊಡುವುದಿಲ್ಲ."

ಇಲ್ಲಿ ನಾನು ಬಾಯಿ ಹಾಕದಿದ್ದರೆ ನನಗೆ ಕಲಿಸಿದವರಿಗೆ ಅವಮಾನ. "ಮುಪ್ಪು ವಂಶಕ್ಕೆ ಬರುವುದಿಲ್ಲ ಟ್ರೇಸಿಯವರೇ. ಹೋದ ವರ್ಷದವರೆಗೆ ಇವನ ಮೂಗು ಹೇಗಿತ್ತು?"

"ಈ ಕಣಿವೆಯಲ್ಲೇ ಅಂಥದ್ದು ಇರಲಿಲ್ಲ."

"ಮರಿಗಳಿಗೆ ಹೋಗುವುದು ಆ ಮೂಗು."

"ಡಾಕ್ಟರಾಗಿ ಹೇಳುತ್ತೇನೆ," ಎಂದು ಜುಬೇದಕ್ಕ ಇಸ್ತ್ರಿ ಹಾಕಿದ ಇಂಗ್ಲಿಷಿನಲ್ಲಿ ಸೇರಿಕೊಂಡಳು, "ಮುದುಕ ತಂದೆಯ ಕಣ್ಣಿನ ಪೊರೆ ಹಸುಗೂಸಿಗೆ ಬಂದದ್ದನ್ನು ನಾನು ಕಂಡಿಲ್ಲ."

ಟ್ರೇಸಿ ತಲೆಯಾಡಿಸಿದರು. "ಇದೇ ಕಟ್ಟಳೆ ಹೇಳಿ ನಾನು ಬೇರೆಯವರ ನಾಯಿಗಳನ್ನು ಬೇಡವೆಂದಿದ್ದೇನೆ. ಒಬ್ಬರು ಇಗರ್ಜಿಯಲ್ಲಿ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ."

"ಆ ನಾಯಿಗಳಿಗೆ ಪ್ರಾಯದಲ್ಲೇ ಕುಂದಿತ್ತು. ಕಟ್ಟಳೆಯ ಉದ್ದೇಶ ಅದು. ಇಲ್ಲಿ ಉದ್ದೇಶಕ್ಕೆ ಭಂಗವಿಲ್ಲ."

"ಉದ್ದೇಶ ನೋಡಿಕೊಂಡು ಕಟ್ಟಳೆ ಸಡಿಲಿಸುವವರನ್ನು ನಾನು ರೈಲ್ವೆಯಲ್ಲಿ ಕಂಡಿದ್ದೇನೆ, ತಾಯಿ. ಅವರ ಗಾಡಿಗಳು ಎದುರುಬದುರು ಬರುತ್ತವೆ."

ಇದು ನಗೆಯಲ್ಲ, ನಿಜವಾದ ವಾದ. ಎದುರಾಳಿಯನ್ನು ಮೆಚ್ಚುತ್ತ ಸೋಲುವುದು ಏನೆಂದು ಆ ಗುಡ್ಡದ ಮೇಲೆ ತಿಳಿಯಿತು. ಆದರೆ ಆ ಸೋಲಿನ ಬೆಲೆ ತೆರುವವರು ನಾನಲ್ಲ, ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಹೆಂಗಸು.

ಮಿಸೆಸ್ ಕಿನ್ಸೆಲಾ ಮೂಗು ಸೀಟಿಕೊಂಡು ಇಷ್ಟೇ ಹೇಳಿದರು: "ಟೀ ಕುಡಿದು ಹೋಗಿ."

ಅಂಗಳ

ಟ್ರೇಸಿ ಡ್ಯಾನ್‌ನನ್ನು ಅಂಗಳದ ಗೋಡೆಯ ಕಬ್ಬಿಣದ ಬಳೆಗೆ ಕಟ್ಟಿ ಒಳಗೆ ಬಂದರು. ಯಾರೂ ನಾಯಿಯ ಮಾತೆತ್ತಲಿಲ್ಲ. ಆಲೂಗಡ್ಡೆಯ ಬೆಳೆ, ಈ ಸಲದ ಮಳೆ, ಯಾರದೋ ಮಗಳ ಮದುವೆ. ಅವರು ಎರಡನೆಯ ಲೋಟ ಟೀ ಕೇಳಿದರು. ಅವರು ಹಾಗೆ ಕೇಳಿದ್ದೇ ಇಲ್ಲವೆಂದು ಮಿಸೆಸ್ ಕಿನ್ಸೆಲಾ ಆಮೇಲೆ ಹೇಳಿದರು. ಹೊರಗೆ ಜಿಲ್ ಹೋಗಿ ಡ್ಯಾನ್‌ನ ಪಕ್ಕ ಮಲಗಿದ್ದು ಕಿಟಕಿಯಿಂದ ಕಾಣುತ್ತಿತ್ತು. ಟ್ರೇಸಿಯವರ ಕುರ್ಚಿ ಕಿಟಕಿಗೆ ಎದುರಾಗಿತ್ತು.

ಎದ್ದರು. ಬಂದೂಕು ತೆಗೆದುಕೊಂಡರು, ಟೋಪಿ ತೆಗೆದುಕೊಂಡರು, ಛತ್ರಿ ತೆಗೆದುಕೊಂಡರು. "ನಾಳೆ ಮಳೆ ಬರುತ್ತದೆ," ಎಂದು ನಮಗೆಲ್ಲ ಹೇಳಿ ಹೊರಟರು. ಬಾಗಿಲಿಗೆ ಹೋಗಿ ನಿಂತು ನೋಡಿದೆವು. ಡ್ಯಾನ್ ಎದ್ದು ಬಾಲ ಬಡಿದ. ಟ್ರೇಸಿ ಅವನ ಪಕ್ಕದಲ್ಲೇ, ಯಾರದೋ ನಾಯಿಯ ಪಕ್ಕ ಹೋಗುವವರಂತೆ, ದಾಟಿ ಹೋದರು. ಗೇಟು ತೆಗೆದರು, ಜೋಪಾನವಾಗಿ ಹಾಕಿದರು, ಚಿಲಕ ಸರಿಯಾಗಿ ಬಿದ್ದಿದೆಯೇ ಎಂದು ಅಲ್ಲಾಡಿಸಿ ನೋಡಿದರು.

ನನಗೆ ಇನ್ನೂ ಅರ್ಥವಾಗಿರಲಿಲ್ಲ. "ಟ್ರೇಸಿಯವರೇ, ನಿಮ್ಮ ನಾ..."

ಜುಬೇದಕ್ಕ ಹಿಂದಿನಿಂದ ನನ್ನ ಬಾಯಿ ಮುಚ್ಚಿದಳು. "ಬಾಯ್ ಮುಚ್ಚೇ ನಮ್ಮವ್ವ! ಮರ್ತ್ಬುಟ್ಟು ಹೋಗ್ತಾವ್ರೆ. ಮರೀಲಿ ಬುಡು."

"ಛತ್ರಿ ಮರೀಲಿಲ್ಲ..." ಎಂದೆ, ಅವಳ ಬೆರಳ ಸಂದಿಯಿಂದ.

"ನಾಯಿ ಮರ್ತ್ರು. ಕೊಡಾಕಿಲ್ಲ ಅಂದೋರು ಕೊಡ್ಲಿಲ್ಲ. ಸುಮ್ಕಿರು."

ದಾರಿಯ ತಿರುವಿನಲ್ಲಿ ಟ್ರೇಸಿ ನಿಂತರು. ನಮಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಎಷ್ಟೋ ವರ್ಷ ಸಂಜೆ ಡ್ಯಾನ್‌ನನ್ನು ಕರೆಯಲು ಆ ತಿರುವಿನಲ್ಲಿ ಮಾಡಿದ್ದನ್ನೇ ಅವರ ಕೈ ಮಾಡಿತು: ಕೊರಳ ಸೀಟಿ ತುಟಿಗೆ ಹೋಯಿತು. ಡ್ಯಾನ್ ಕಿವಿ ನಿಮಿರಿಸಿದ.

ಸೀಟಿ ಊದಲಿಲ್ಲ. ಅದನ್ನು ಕೊರಳಿಂದ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡರು. ತಿರುವಿನಲ್ಲಿ ಮರೆಯಾದರು.

"ಒಳಗೆ ಬನ್ನಿ ಮಕ್ಕಳೇ," ಎಂದರು ಮಿಸೆಸ್ ಕಿನ್ಸೆಲಾ, ಅಂಗಿಯ ತೋಳು ಮೇಲಕ್ಕೆ ಮಡಚುತ್ತ. "ಹುಲ್ಲು ಹಾಸಬೇಕು. ಇಬ್ಬರಿಗೆ."